400ಎಚ್ ಹೋಯಿತು, ಈಗ ಯಾವ ರೋಲ್? ಬೀದರ್ ಬಿಸಿಲಲ್ಲಿ ಹಾಕಿ ನೋಡಿದ್ದು

ತಯಾರಿ ನಿಂತುಹೋದ ಫ್ಯೂಜಿ ಪ್ರೊ 400ಎಚ್ ಅನ್ನುವ ಕಲರ್ ಫಿಲ್ಮ್ ರೋಲ್ ಬದಲಿಗೆ ಕ್ಯಾಮೆರಾಗೆ ಏನು ಹಾಕಬೇಕು ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅದರ ಜಾಗದಲ್ಲಿ ಕೂರುವ ಒಂದೇ ರೋಲ್ ಅಂತ ಯಾವುದೂ ಇಲ್ಲ. ಮುಖಗಳಿಗೆ ಕೊಡಕ್ ಪೋರ್ಟ್ರಾ 400. ಹೊಲ, ಬಯಲು, ಹಳೇ ಕಟ್ಟಡಗಳಿಗೆ ಸಿನಿಮಾದವರ ವಿಷನ್3 250ಡಿ, ಅದನ್ನು ತೊಳೆಯುವ ತಾಪತ್ರಯ ನಿಮಗೆ ನಡೆಯುತ್ತದೆ ಅಂದರೆ. ಬಿದ್ರಿ ಸಾಮಾನು, ಕೆಂಪು ಕಲ್ಲು ಇದ್ದಲ್ಲಿ ಎಕ್ಟಾರ್ 100. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಗೋಲ್ಡ್ 200. ಆದರೆ 400ಎಚ್ ಸುಮ್ನೆ ಮಾಡಿಕೊಂಡು ಹೋಗುತ್ತಿದ್ದ ಒಂದು ಕೆಲಸವನ್ನು ಈ ನಾಲ್ಕೂ ಸೇರಿ ಮಾಡಲಾರವು. ನನಗೆ ಆ ರೋಲ್ ಹಿಡಿಸಿದ್ದೇ ಆ ಕೆಲಸದಿಂದ.

ನಾನು ಬೀದರ್‌ನಲ್ಲಿ ಸ್ಟುಡಿಯೊ ಇಟ್ಟುಕೊಂಡವನು. ಮದುವೆ, ತೊಟ್ಟಿಲು, ಪಾಸ್‌ಪೋರ್ಟ್ ಫೋಟೊ, ಏನು ಬಂದರೂ ಸೈ. ಹೊಟ್ಟೆಪಾಡು ಡಿಜಿಟಲ್‌ನಲ್ಲೇ ನಡೆಯುತ್ತದೆ. ಆದರೂ ಮದುವೆ ಕೆಲಸಕ್ಕೆ ಹೋದಾಗ ಬ್ಯಾಗಿನಲ್ಲಿ ನಿಕಾನ್ ಎಫ್‌ಎಂ2 ಒಂದು ಇರುತ್ತದೆ. ಅದರಲ್ಲಿ ಒಂದೆರಡು ರೋಲ್ ಹೊಡೆಯುತ್ತೇನೆ. ಮನೆಯವರು ಕೇಳಲಿ ಬಿಡಲಿ, ಆಲ್ಬಮ್‌ನಲ್ಲಿ ಕೊನೆಗೆ ಅವರ ಬೆರಳು ಹೋಗಿ ನಿಲ್ಲುವುದು ಆ ಫೋಟೊಗಳ ಮೇಲೇ. ಬಹಳ ಕಾಲ ಆ ಕ್ಯಾಮೆರಾದಲ್ಲಿ ಇದ್ದದ್ದು 400ಎಚ್.

ಜನವರಿ 2021ರಲ್ಲಿ ಫ್ಯೂಜಿ ಕಂಪನಿ ಇದನ್ನು ನಿಲ್ಲಿಸುತ್ತೇವೆ ಅಂತ ಹೇಳಿತು. 35 ಎಂಎಂ ಆಗಲೇ ಮುಗಿಯಿತು. 120 ಅನ್ನುವ ಅಗಲದ ರೋಲ್ ಮಾತ್ರ ಆ ವರ್ಷದ ಕೊನೆತನಕ ಇರುತ್ತದೆ ಅಂದರು. ಕೊರೊನಾ ಕಾಲ, ಮದುವೆಗಳೇ ಅರೆಬರೆ ನಡೆಯುತ್ತಿದ್ದವು. ನಮ್ಮ ಕಡೆ ಯಾರಿಗೂ ಇದು ಸುದ್ದಿ ಅಂತಲೇ ಅನಿಸಲಿಲ್ಲ. 2009ರಲ್ಲಿ ಕೊಡಕ್ರೋಮ್ ನಿಂತಾಗ ಹಾಗಿರಲಿಲ್ಲ. 74 ವರ್ಷ ಬಾಳಿದ ರೋಲ್ ಅದು. ಕೊನೆಗೆ ತಯಾರಾದ ರೋಲ್ ಅಮೆರಿಕದ ಫೋಟೊಗ್ರಾಫರ್ ಸ್ಟೀವ್ ಮೆಕರಿ ಕೈಗೆ ಹೋಗಿ, ಅದರ ಕೆಲವು ಫ್ರೇಮ್‌ಗಳು ನಮ್ಮ ದೇಶದಲ್ಲೇ ತೆಗೆದವು. ಅದನ್ನು ತೊಳೆಯುತ್ತಿದ್ದ ಕೊನೆಯ ಲ್ಯಾಬ್ ಅಮೆರಿಕದ ಕ್ಯಾನ್ಸಾಸ್‌ನಲ್ಲಿತ್ತು. 2010ರ ಡಿಸೆಂಬರ್ ಕೊನೆಗೆ ಅದೂ ಕೈಬಿಟ್ಟಿತು. ಅಷ್ಟು ದೊಡ್ಡ ಬೀಳ್ಕೊಡುಗೆ 400ಎಚ್‌ಗೆ ಸಿಗಲಿಲ್ಲ.

ನಿಲ್ಲಿಸಲು ಕೊಟ್ಟ ಕಾರಣ ಮಾತ್ರ ಗಮನಿಸುವಂಥದ್ದು. ಕೊಳ್ಳುವವರಿಲ್ಲ ಅಂತ ಅವರು ಹೇಳಲಿಲ್ಲ. ಈ ರೋಲ್‌ನ ನಾಲ್ಕನೇ ಪದರಕ್ಕೆ ಬೇಕಾದ ಕಚ್ಚಾ ಸಾಮಾನು ಸಿಗುವುದು ಕಷ್ಟವಾಗಿದೆ ಅಂದರು.

ಈ ನಾಲ್ಕನೇ ಪದರ ಏನು ಅಂತ ಹೇಳದಿದ್ದರೆ ಮುಂದಿನ ಹೋಲಿಕೆ ಅರ್ಥವಾಗುವುದಿಲ್ಲ. ಸಾಮಾನ್ಯ ಕಲರ್ ನೆಗೆಟಿವ್‌ನಲ್ಲಿ ಬಣ್ಣ ಹಿಡಿಯುವ ಪದರ ಮೂರು ಬಗೆ. ನೀಲಿಗೆ ಒಂದು, ಹಸಿರಿಗೆ ಒಂದು, ಕೆಂಪಿಗೆ ಒಂದು. ಇಷ್ಟರಲ್ಲೇ ಬಹುತೇಕ ಬಣ್ಣ ಬಂದುಬಿಡುತ್ತವೆ. ಆದರೆ ನೀಲಿಗೂ ಹಸಿರಿಗೂ ನಡುವೆ ಇರುವ ಬಣ್ಣಗಳಲ್ಲಿ ನಮ್ಮ ಕಣ್ಣಿಗೂ ಫಿಲ್ಮಿಗೂ ಹೊಂದಾಣಿಕೆ ಇಲ್ಲ. ನವಿಲಿನ ಕುತ್ತಿಗೆ, ಹಳೇ ಹೆಂಚಿನ ಹಸಿರುನೀಲಿ, ಟ್ಯೂಬ್‌ಲೈಟ್ ಬೆಳಕು, ಇಂಥ ಕಡೆ ಫಿಲ್ಮ್ ಎಡವುತ್ತದೆ. ಫ್ಯೂಜಿಯವರು ಆ ನಡುವಿನ ಬಣ್ಣಕ್ಕೇ ಇನ್ನೊಂದು ಪದರ ಸೇರಿಸಿದರು. 1989ರಲ್ಲಿ ಬಂದ ರಿಯಾಲಾ ರೋಲ್‌ನಲ್ಲಿ ಇದು ಶುರುವಾಯಿತು. 400ಎಚ್‌ಗೂ ಅದೇ ಬಂತು.

ಹೊರದೇಶದ ಫೋಟೊಗ್ರಾಫರ್‌ಗಳು ಈ ರೋಲ್ ಹೊಗಳುತ್ತಿದ್ದದ್ದು ಬೇರೆ ಕಾರಣಕ್ಕೆ. ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಒಂದಕ್ಕೆರಡು) ಜಾಸ್ತಿ ಬೆಳಕು ಕೊಟ್ಟರೆ ಬಣ್ಣಗಳು ತೆಳುವಾಗಿ, ಹಸಿರೆಲ್ಲ ಪುದೀನ ಬಣ್ಣಕ್ಕೆ ತಿರುಗಿ, ಬಿಳಿ ಗೌನು ಹಾಲಿನಂತೆ ಕಾಣುತ್ತಿತ್ತು. ಅಲ್ಲಿಯ ಮದುವೆಗೆ ಅದು ಚೆಂದ. ಇಲ್ಲಿ ಹಾಗೆ ಮಾಡಿ ಕೊಟ್ಟರೆ ಗಿರಾಕಿ ಆಲ್ಬಮ್ ತಿರುಗಿಸಿ ಕೈಗೆ ಕೊಡುತ್ತಾನೆ. "ಅಣ್ಣಾ, ಸೀರಿ ಬಣ್ಣ ಎಲ್ಲಿ ಹೋತು? ಹದಿನೈದ್ ಸಾವಿರದ್ ಸೀರಿ ಅದು" ಅಂತ ಕೇಳಿದವರಿದ್ದಾರೆ. ಹಾಗಾಗಿ ನಾನು ಬೆಳಕು ಅಳೆಯುವ ಮೀಟರನ್ನು 400ರ ಬದಲು 200ಕ್ಕೆ ಇಟ್ಟು, ಒಂದೇ ಸ್ಟಾಪ್ ಜಾಸ್ತಿ ಕೊಡುತ್ತಿದ್ದೆ. ಬಣ್ಣವೂ ಉಳಿಯುತ್ತಿತ್ತು, ಬಿಸಿಲಲ್ಲಿ ಬಿಳಿ ರುಮಾಲಿನ ಮಡಿಕೆಗಳೂ ಉಳಿಯುತ್ತಿದ್ದವು.

ನನಗೆ ಅದು ಬೇಕಾಗಿದ್ದು ಟ್ಯೂಬ್‌ಲೈಟ್‌ಗೆ. ನಮ್ಮ ಕಡೆಯ ಫಂಕ್ಷನ್ ಹಾಲ್ ನೋಡಿದವರಿಗೆ ಗೊತ್ತು. ಉದ್ದಕ್ಕೆ ಟ್ಯೂಬ್‌ಲೈಟ್, ಗೋಡೆಗೆ ತಿಳಿಹಸಿರು ಬಣ್ಣ, ಒಂದು ಮೂಲೆಯಿಂದ ವಿಡಿಯೊದವರ ಹಳದಿ ಲೈಟು. ಟ್ಯೂಬ್‌ನೊಳಗಿನ ಪಾದರಸದ ಆವಿ ಹಸಿರು ಬೆಳಕನ್ನು ಜಾಸ್ತಿ ಬಿಡುತ್ತದೆ. ನಮ್ಮ ಕಣ್ಣು ಅದನ್ನು ಮರೆತುಬಿಡುತ್ತದೆ, ಬಿಸಿಲಿಗೆ ಮಾಡಿದ ಫಿಲ್ಮ್ ಮರೆಯುವುದಿಲ್ಲ. ಮದುಮಗಳ ಕೆನ್ನೆ ಹಸಿರು, ಮಾವನ ಬಿಳಿ ಅಂಗಿ ಹಸಿರು. ಕೈತುಂಬ ಇರುವ ಹಸಿರು ಗಾಜಿನ ಬಳೆ ಮಾತ್ರ ಹಸಿರಾಗಿ ಕಾಣದೆ ಕಪ್ಪಗೆ ಕೂತಿರುತ್ತದೆ! 400ಎಚ್ ಹಾಕಿದರೆ ಈ ರಗಳೆ ಅರ್ಧಕ್ಕರ್ಧ ಇಳಿಯುತ್ತಿತ್ತು. ಫ್ಲಾಶ್ ಇಲ್ಲದೆ, ಫಿಲ್ಟರ್ ಇಲ್ಲದೆ, ಬಳೆ ಹಾಕಿಸಿಕೊಳ್ಳುವ ಹೊತ್ತಿನ ಫೋಟೊ ತೆಗೆಯಬಹುದಿತ್ತು.

ಹೋಲಿಸಿ ನೋಡಿದ್ದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಮೋಸ ಹೋಗುವುದು ಸುಲಭ. ನೆಗೆಟಿವ್‌ನ ಬಣ್ಣ ಅಂತ ನಾವು ನೋಡುವುದು ನಿಜವಾಗಿ ಸ್ಕ್ಯಾನರ್ ಬಣ್ಣ. ಲ್ಯಾಬ್‌ನ ಹುಡುಗ ಒಂದು ಗುಂಡಿ ತಿರುಗಿಸಿದರೆ ಪೋರ್ಟ್ರಾ 400ಎಚ್ ಆಗಬಹುದು, ಗೋಲ್ಡ್ ಪೋರ್ಟ್ರಾ ಆಗಬಹುದು. ಅದಕ್ಕೆ ಎಲ್ಲ ನೆಗೆಟಿವ್‌ಗಳನ್ನೂ ಒಂದೇ ಲೈಟ್ ಹಲಗೆ ಮೇಲಿಟ್ಟು, ಒಂದೇ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದೆ. ಪ್ರತಿ ಜಾಗದ ಮೊದಲ ಫ್ರೇಮ್‌ನಲ್ಲಿ ಒಂದು ಶಹಾಬಾದ್ ಫರ್ಸಿ ತುಂಡು ಇರುವ ಹಾಗೆ ನೋಡಿಕೊಂಡೆ. ಸ್ಟುಡಿಯೊ ನೆಲಕ್ಕೆ ಹಾಕಿ ಉಳಿದ ತುಂಡು. ಅದರ ಬೂದಿ ಬಣ್ಣ ಎಲ್ಲ ರೋಲ್‌ನಲ್ಲೂ ಒಂದೇ ಆಗುವ ತನಕ ಸರಿಮಾಡಿ, ಆಮೇಲೆ ಬೇರೇನನ್ನೂ ಮುಟ್ಟಲಿಲ್ಲ. ದುಬಾರಿ ಗ್ರೇ ಕಾರ್ಡ್ ಯಾಕೆ ಬೇಕು, ಕಲಬುರಗಿ ಜಿಲ್ಲೆಯ ಗಣಿ ಇರುವಾಗ? ಲೆನ್ಸ್ ಒಂದೇ, 50 ಎಂಎಂ. 400ಎಚ್ ಮಾತ್ರ ಫ್ರಿಜ್‌ನಲ್ಲಿ ಉಳಿದಿದ್ದ ಕೆಲವು ರೋಲ್.

ಮೊದಲ ಜಾಗ ಮಹಮೂದ್ ಗವಾನ್ ಮದರಸಾ. ಬಹಮನಿ ಸುಲ್ತಾನರ ಮಂತ್ರಿ, ಇರಾನಿನ ಗಿಲಾನ್‌ನಿಂದ ಬಂದವನು, 1472ರಲ್ಲಿ ಕಟ್ಟಿಸಿದ್ದು. ಇದ್ದ ಎರಡು ಮಿನಾರುಗಳಲ್ಲಿ ಒಂದು ಉಳಿದಿದೆ. ಅದರ ಮೇಲೆ, ಮುಂದಿನ ಗೋಡೆ ಮೇಲೆ ಹೊಳೆಯುವ ಹೆಂಚು ಬಿಲ್ಲೆಗಳು ಅಲ್ಲಲ್ಲಿ ಇನ್ನೂ ಇವೆ. ನೀಲಿ, ಹಸಿರು, ಹಳದಿ, ಬಿಳಿ. ಬೆಳಗಿನ ಬಿಸಿಲು ನೇರ ಬಿದ್ದಾಗ ಹೋದರೆ, ಕಲರ್ ಫಿಲ್ಮ್ ಪರೀಕ್ಷೆಗೆ ಇದಕ್ಕಿಂತ ಒಳ್ಳೇ ಗೋಡೆ ಬೇರೆ ಕಡೆ ಇಲ್ಲ ಅನ್ನಿಸುತ್ತದೆ.

ಇಲ್ಲಿ 400ಎಚ್ ಗೆದ್ದಿತು, ಅದರಲ್ಲಿ ಮಾತೇ ಇಲ್ಲ. ಹಸಿರು ಬಿಲ್ಲೆ ಹಸಿರಾಗಿ, ನೀಲಿ ಬಿಲ್ಲೆ ನೀಲಿಯಾಗಿ, ನಡುವಿನ ಹಸಿರುನೀಲಿ ಎರಡಕ್ಕೂ ಸೇರದೆ ಬೇರೆಯಾಗಿ ಬಂತು. ಪೋರ್ಟ್ರಾದಲ್ಲಿ ಹಸಿರು ಹಳದಿ ಕಡೆ ವಾಲುತ್ತದೆ, ನೀಲಿ ಸ್ವಲ್ಪ ಬಡವಾಗುತ್ತದೆ. ಎಕ್ಟಾರ್‌ನಲ್ಲಿ ನೀಲಿ ನೋಡಿ ಬೆರಗಾದೆ, ಆದರೆ ಅಷ್ಟು ಗಾಢ ನೀಲಿ ಅಲ್ಲಿ ಗೋಡೆ ಮೇಲಿಲ್ಲ. ಗೋಲ್ಡ್‌ನಲ್ಲಿ ಎಲ್ಲದರ ಮೇಲೂ ಹಳದಿ ಹೊದಿಕೆ. 250ಡಿ ಒಂದೇ 400ಎಚ್ ಹತ್ತಿರ ಬಂದದ್ದು. ಬಣ್ಣ ತೆಳು, ಆದರೆ ಮೂರೂ ಬಿಲ್ಲೆ ಬೇರೆ ಬೇರೆ ಅಂತ ಗೊತ್ತಾಗುತ್ತದೆ.

ಈಗ ಪೋರ್ಟ್ರಾ ಬಗ್ಗೆ ನ್ಯಾಯವಾಗಿ ಮಾತಾಡಬೇಕು, ಯಾಕೆಂದರೆ 400ಎಚ್ ಅಭಿಮಾನಿಗಳು ಅದನ್ನು ಸುಮ್ಮನೆ ತೆಗಳುತ್ತಾರೆ. ಈಗಿನ ಪೋರ್ಟ್ರಾ 400 ಬಂದದ್ದು 2010ರಲ್ಲಿ. ಅದಕ್ಕೆ ಮುಂಚೆ 400ಎನ್‌ಸಿ, 400ವಿಸಿ ಅಂತ ಎರಡಿದ್ದವು, ಒಂದು ಮೆತ್ತಗೆ, ಒಂದು ಗಾಢ. ಎರಡನ್ನೂ ತೆಗೆದು ಇದೊಂದನ್ನೇ ತಂದರು. ಇದನ್ನು ಮಾಡುವಾಗ ಕೊಡಕ್ ತನ್ನ ಸಿನಿಮಾ ಫಿಲ್ಮ್‌ನ ತಂತ್ರವನ್ನು ಬಳಸಿಕೊಂಡಿತು. ಅದರ ಲಾಭ ಕೈಯಲ್ಲಿ ಹಿಡಿದಾಗ ಗೊತ್ತಾಗುತ್ತದೆ. 100ಕ್ಕೆ ಇಟ್ಟು ಹೊಡೆದರೂ ಬರುತ್ತದೆ, 400ಕ್ಕೆ ಇಟ್ಟರೂ ಬರುತ್ತದೆ, 800ಕ್ಕೆ ಇಟ್ಟರೂ ಮುಖ ಉಳಿಯುತ್ತದೆ. 400ಎಚ್‌ಗೆ ಆ ಗುಣ ಇರಲೇ ಇಲ್ಲ. ಬೆಳಕು ಜಾಸ್ತಿ ಆದರೆ ಎಷ್ಟು ಬೇಕಾದರೂ ತಡೆದುಕೊಳ್ಳುತ್ತಿತ್ತು, ಒಂದು ಸ್ಟಾಪ್ ಕಡಿಮೆ ಆದರೆ ನೆರಳೆಲ್ಲ ಕೆಸರು.

ಅಷ್ಟೂರಿನಲ್ಲಿ ಇದು ಚೆನ್ನಾಗಿ ಕಂಡಿತು. ಬಹಮನಿ ಸುಲ್ತಾನರ ಗುಮ್ಮಟಗಳ ಸಾಲು ಇರುವ ಊರು, ಬೀದರ್ ಪಕ್ಕದಲ್ಲೇ. ಅಹ್ಮದ್ ಶಾ ವಲಿ ಗೋರಿಯ ಒಳಗೆ ಗೋಡೆ, ಮೇಲ್ಛಾವಣಿ ಎಲ್ಲ ಚಿತ್ತಾರ, ಬಂಗಾರ ಬಣ್ಣದ ಬರಹ. ಬೆಳಕು ಬಾಗಿಲಿಂದ ಬಂದಷ್ಟೇ. ಟ್ರೈಪಾಡ್ ಇಡಬೇಕೆಂದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಕೈಯಲ್ಲೇ ಹಿಡಿದು, ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಪೂರ್ತಿ ತೆರೆದು, ಗೋಡೆಗೆ ಒರಗಿ ಉಸಿರು ಹಿಡಿದು ತೆಗೆಯುವುದು. ಪೋರ್ಟ್ರಾದಲ್ಲಿ ಕೆಂಪು, ಬಂಗಾರ ಎರಡೂ ಬಂದವು. 400ಎಚ್‌ನಲ್ಲಿ ಬಂಗಾರ ಬಂತು, ಹಿಂದಿನ ಗೋಡೆ ನೇರಳೆ ಮಸಿ. ಎಕ್ಟಾರ್, ಗೋಲ್ಡ್ ಎರಡನ್ನೂ ಅಲ್ಲಿ ಕ್ಯಾಮೆರಾಗೆ ಹಾಕುವ ಯೋಚನೆಯೇ ಬೇಡ.

ಇನ್ನು ಮುಖದ ಬಣ್ಣ. ನಮ್ಮ ಕಾಕಾ ಬಿಸಿಲಲ್ಲಿ ಒಕ್ಕಲುತನ ಮಾಡಿದ ಮನುಷ್ಯ. ಬಿಳಿ ರುಮಾಲು, ಬಿಳಿ ಧೋತ್ರ, ಕರಿ ಮೈ. ಬೇವಿನ ಮರದ ನೆರಳಲ್ಲಿ ಕೂರಿಸಿ ಎಲ್ಲ ರೋಲ್‌ನಲ್ಲೂ ತೆಗೆದೆ. ಪ್ರಿಂಟ್ ಹಾಕಿಸಿ ಯಾವುದು ಯಾವುದು ಅಂತ ಹೇಳದೆ ಮುಂದಿಟ್ಟೆ. ಪೋರ್ಟ್ರಾದ್ದನ್ನು ಎತ್ತಿಕೊಂಡು "ಇದ್ರಾಗ ನಾ ಅದೀನಿ" ಅಂದರು. 400ಎಚ್‌ದನ್ನು ನೋಡಿ "ಇವ ಯಾವನೋ ದೊಡ್ಡ ಸಾಹೇಬ ಅದಾನ, ಹೊಲಕ್ಕ ಹೋಗಿಲ್ಲ" ಅಂದರು. ಅವರ ಮಾತು ಸರಿ. 400ಎಚ್ ಮುಖಕ್ಕೆ ಸಣ್ಣಗೆ ಗುಲಾಬಿ ಬೆರೆಸುತ್ತಿತ್ತು. ಬೆಳ್ಳಗಿರುವವರಿಗೆ ಅದು ಹೊಂದುತ್ತದೆ. ನಮ್ಮ ಬಿಸಿಲಿನ ಜನರಿಗೆ ಪೋರ್ಟ್ರಾದ ಕಂದು, ಅದರ ಬೆಚ್ಚಗಿನ ಬಣ್ಣ ಒಪ್ಪುತ್ತದೆ. ಗೋಲ್ಡ್‌ದು ಕಾಕಾಗೆ ಎರಡನೇ ಇಷ್ಟ. ಎಕ್ಟಾರ್‌ದನ್ನು ನೋಡಿ "ಜ್ವರಾ ಬಂದಂಗ ಕಾಣಸ್ತದ" ಅಂತ ಪಕ್ಕಕ್ಕೆ ಸರಿಸಿದರು. ಫಿಲ್ಮ್ ಬಗ್ಗೆ ನಾನು ಓದಿದ ಎಷ್ಟೋ ವಿಮರ್ಶೆಗಳಿಗಿಂತ ಇದು ಜಾಸ್ತಿ ಉಪಯೋಗಕ್ಕೆ ಬಂತು.

ಆದರೆ ಟ್ಯೂಬ್‌ಲೈಟ್ ಕೆಳಗೆ ಪೋರ್ಟ್ರಾ ಸೋತಿತು. ಮೇಲಿನಿಂದ ಹಸಿರು, ವಿಡಿಯೊ ಲೈಟಿನಿಂದ ಹಳದಿ, ಕಿಟಕಿಯಿಂದ ನೀಲಿ. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ಎಫ್‌ಎಲ್‌ಡಿ ಅನ್ನುವ ಗುಲಾಬಿ ಫಿಲ್ಟರ್ ಹಾಕಬಹುದು. ಅದು ಹೆಚ್ಚು ಕಡಿಮೆ ಒಂದು ಸ್ಟಾಪ್ ಬೆಳಕು ತಿನ್ನುತ್ತದೆ, ಹಾಲ್‌ನಲ್ಲಿ ಅಷ್ಟು ಬೆಳಕು ಬಿಟ್ಟುಕೊಡಲು ನಮ್ಮ ಹತ್ತಿರ ಇರುವುದಿಲ್ಲ. ಕಂಪ್ಯೂಟರ್‌ನಲ್ಲಿ ಕೂತು ಮುಖ ಮುಖಕ್ಕೂ ಬೇರೆ ಬಣ್ಣ ಬಳಿಯಬಹುದು. ಅದನ್ನೇ ಮಾಡುವುದಾದರೆ ಫಿಲ್ಮ್ ಯಾಕೆ, ಡಿಜಿಟಲ್‌ನಲ್ಲೇ ತೆಗೆಯಬಹುದಲ್ವಾ?

ಇದರಲ್ಲಿ ಒಂದು ತಮಾಷೆಯೂ ಇದೆ. ಹಾಲ್‌ಗಳೆಲ್ಲ ಈಗ ಎಲ್‌ಇಡಿಗೆ ಬದಲಾಗುತ್ತಿವೆ. ಇಡೀ ವೇದಿಕೆ ಗುಲಾಬಿ, ಆಮೇಲೆ ನೀಲಿ, ಆಮೇಲೆ ಮತ್ತೆ ಗುಲಾಬಿ. ಅದರ ಕೆಳಗೆ ಯಾವ ಪದರವೂ ನಡೆಯುವುದಿಲ್ಲ, ನಾಲ್ಕಿದ್ದರೂ ಅಷ್ಟೆ, ಹತ್ತಿದ್ದರೂ ಅಷ್ಟೆ. 400ಎಚ್ ಗೆಲ್ಲುತ್ತಿದ್ದ ಬೆಳಕೇ ಮಾಯವಾಗುತ್ತಿದೆ. ನಮ್ಮ ಓಣಿಯ ಹಾಲ್‌ನಲ್ಲಿ ಇನ್ನೂ ಟ್ಯೂಬ್‌ಲೈಟ್ ಇದೆ. ನಮ್ಮ ಅಕ್ಕನ ಮಗಳ ಮದುವೆ ಮುಗಿಯುವ ತನಕ ಬಿಚ್ಚಬೇಡಿ ಅಂತ ಮಾಲೀಕರಿಗೆ ಹೇಳಿದೆ. "ಆತು ಬಿಡ್ರಿ, ಕರೆಂಟ್ ಬಿಲ್ ನೀವ ಕಟ್ರಿ" ಅಂದರು.

ಎಕ್ಟಾರ್ 100 ಬೇರೆಯೇ ಪ್ರಾಣಿ. 2008ರಲ್ಲಿ ಬಂದದ್ದು. ಗ್ರೇನ್ (ಫೋಟೊದಲ್ಲಿ ಕಾಣುವ ಸಣ್ಣ ಕಾಳು) ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣದು, ಬಣ್ಣ ಜೋರು. ಬೀದರ್ ಇರುವುದೇ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಕೋಟೆ ಗೋಡೆ, ಬಂಡೆ ಕಡಿದು ಮಾಡಿದ ಮೂರು ಸಾಲಿನ ಕಂದಕ, ಎಲ್ಲ ಕೆಂಪು. ಸಂಜೆ ಬಿಸಿಲಲ್ಲಿ ಆ ಕಲ್ಲನ್ನು ಎಕ್ಟಾರ್ ಹಿಡಿದಷ್ಟು ಚೆನ್ನಾಗಿ ಬೇರೆ ಯಾವುದೂ ಹಿಡಿಯಲಿಲ್ಲ. 400ಎಚ್‌ನಲ್ಲಿ ಅದೇ ಗೋಡೆ ಮಾಸಿದ ಗುಲಾಬಿ, ಪೋರ್ಟ್ರಾದಲ್ಲಿ ಕಿತ್ತಳೆಗಂದು. ಎಕ್ಟಾರ್‌ಗೆ ಮೀಟರ್ ಸರಿಯಾಗಿ ಹಿಡಿಯಬೇಕು. ಬೆಳಕು ಕಡಿಮೆಯಾದರೆ ನೆರಳು ನೀಲಿಗೆ ಹೋಗುತ್ತದೆ.

ಬಿದ್ರಿ ಸಾಮಾನಿಗೂ ಇದೇ ಸರಿ. ಸತು ಜಾಸ್ತಿ, ತಾಮ್ರ ಕಡಿಮೆ ಇರುವ ಲೋಹದ ಮೇಲೆ ಬೆಳ್ಳಿ ಎಳೆ ಕೂರಿಸುತ್ತಾರೆ. ಆಮೇಲೆ ಕೋಟೆಯ ಹಳೇ ಮಣ್ಣಿಗೆ ನವಸಾಗರ ಬೆರೆಸಿ ಉಜ್ಜಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಇರುತ್ತದೆ. ಆ ಕಪ್ಪು ಕಪ್ಪಾಗಿಯೇ ಬರಬೇಕು. 400ಎಚ್‌ನಲ್ಲಿ ಒಂಚೂರು ಹಸಿರು ಸೇರಿಕೊಳ್ಳುತ್ತದೆ, ಗೋಲ್ಡ್‌ನಲ್ಲಿ ಕಂದು. ಕಿಟಕಿ ಪಕ್ಕ ಟ್ರೈಪಾಡ್ ಇಟ್ಟು ಎಕ್ಟಾರ್‌ನಲ್ಲಿ ತೆಗೆದ ಹುಕ್ಕಾ ಬುರುಡೆ ಫೋಟೊ ನನ್ನ ಸ್ಟುಡಿಯೊ ಗೋಡೆ ಮೇಲಿದೆ. ಮದುವೆಗೆ ಮಾತ್ರ ಬೇಡ. ಅರಿಶಿನ ಹಚ್ಚುವ ದಿನ ಎಕ್ಟಾರ್ ಹಾಕಿದರೆ ಫೋಟೊ ಕಿರುಚುತ್ತದೆ.

ಗೋಲ್ಡ್ 200 ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೇ ಆಲ್ಬಮ್‌ಗಳ ಹಳದಿ ಬೇಕು ಅನ್ನುವವರಿಗೆ ಅದೇ ಬರುತ್ತದೆ, ಬೆಲೆಯೂ ಕೈಗೆ ಸಿಗುವಂತಿದೆ. 2022ರಿಂದ 120ರಲ್ಲೂ ಬಂದಿದೆ, ಯಾಶಿಕಾ ಕ್ಯಾಮೆರಾ ಇಟ್ಟುಕೊಂಡ ಹಳೇ ಸ್ಟುಡಿಯೊದವರಿಗೆ ಅನುಕೂಲ. ಈಗ ಫ್ಯೂಜಿ 400 ಅಂತ ಹಸಿರು ಡಬ್ಬಿಯಲ್ಲಿ ಸಿಗುವ ರೋಲ್ ನೋಡಿ ಆಸೆಪಡಬೇಡಿ. ಡಬ್ಬಿ ತಿರುಗಿಸಿದರೆ ಅಮೆರಿಕದಲ್ಲಿ ತಯಾರಾದದ್ದು ಅಂತ ಇರುತ್ತದೆ. ಕೊಡಕ್ ಅಲ್ಟ್ರಾಮ್ಯಾಕ್ಸ್ 400 ಪಕ್ಕ ಇಟ್ಟು ನೋಡಿದೆ, ನನ್ನ ಕಣ್ಣಿಗೆ ವ್ಯತ್ಯಾಸ ಸಿಗಲಿಲ್ಲ. ರೋಲ್ ಕೆಟ್ಟದ್ದಲ್ಲ, 400ಎಚ್‌ಗೂ ಅದಕ್ಕೂ ಮಾತ್ರ ಸಂಬಂಧ ಇಲ್ಲ.

250ಡಿ ಕಥೆ ಸ್ವಲ್ಪ ಉದ್ದ. ಇದು ಸಿನಿಮಾ ಕ್ಯಾಮೆರಾಗೆ ಮಾಡಿದ ಫಿಲ್ಮ್. ಡಿ ಅಂದರೆ ಹಗಲು ಬೆಳಕಿಗೆ. ದೊಡ್ಡ ಸುರುಳಿಯಿಂದ ಕತ್ತರಿಸಿ 35 ಎಂಎಂ ಡಬ್ಬಿಗೆ ತುಂಬಿ ಮಾರುವವರು ನಮ್ಮ ದೇಶದಲ್ಲೂ ಇದ್ದಾರೆ. ಪೋರ್ಟ್ರಾಗಿಂತ ಅಗ್ಗವಾಗಿ ಸಿಗುತ್ತದೆ. ತೊಂದರೆ ಇರುವುದು ಹಿಂಬದಿಯಲ್ಲಿ. 2025ಕ್ಕೆ ಮುಂಚೆ ತಯಾರಾದ ರೋಲ್‌ಗಳಲ್ಲಿ ರೆಮ್‌ಜೆಟ್ ಅನ್ನುವ ಕರಿ ಮಸಿಯ ಪದರ ಅಂಟಿರುತ್ತದೆ. ಅದನ್ನು ತೆಗೆಯದೆ ಸಾಮಾನ್ಯ ಲ್ಯಾಬ್ ಯಂತ್ರಕ್ಕೆ ಹಾಕಿದರೆ ರಾಸಾಯನಿಕ ಎಲ್ಲ ಹಾಳು, ಮುಂದಿನವರ ರೋಲೂ ಹಾಳು. ಕೊರಿಯರ್‌ನಲ್ಲಿ ಕಳಿಸಿದ ರೋಲನ್ನು ಒಂದು ಲ್ಯಾಬ್ ಬಿಚ್ಚದೆಯೇ ವಾಪಸ್ ಕಳಿಸಿತು. ಅವರದೂ ತಪ್ಪಲ್ಲ ಬಿಡಿ.

ಹಾಗಾಗಿ ಮನೆಯಲ್ಲೇ ತೊಳೆಯುತ್ತೇನೆ. ಬೆಚ್ಚಗಿನ ನೀರಿಗೆ ಅಡುಗೆ ಸೋಡಾ ಕಲಸಿ ಟ್ಯಾಂಕ್‌ಗೆ ಹಾಕಿ ಕುಲುಕಿದರೆ ಮಸಿ ಬಿಡುತ್ತದೆ. ಮೊದಲ ನೀರು ಕಡುಕಪ್ಪು. ಬಚ್ಚಲ ಬಿಳಿ ಟೈಲ್ಸ್ ವಿಷಯಕ್ಕೆ ಮನೆಯಲ್ಲಿ ಏನೇನು ಮಾತು ಬಂತು ಅಂತ ಇಲ್ಲಿ ಬರೆಯುವುದಿಲ್ಲ. ಇದಕ್ಕೆ ಸರಿಯಾದ ವಿಧಾನ ಇಸಿಎನ್-2, ಡೆವಲಪರ್ 41.1 ಡಿಗ್ರಿಯಲ್ಲಿ 3 ನಿಮಿಷ. ಸಾಮಾನ್ಯ ಕಲರ್ ರೋಲ್‌ಗಳ ಸಿ-41 ವಿಧಾನದಲ್ಲಿ 37.8 ಡಿಗ್ರಿ, 3 ನಿಮಿಷ 15 ಸೆಕೆಂಡ್. ಚಳಿ ಊರಿನವರು ಈ ಶಾಖ ಹಿಡಿದಿಡಲು ಹೀಟರ್ ಕೊಳ್ಳುತ್ತಾರೆ. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ನಲ್ಲಿ ತಿರುಗಿಸಿದರೆ ಸಾಕು, ಹೆಚ್ಚು ಕಡಿಮೆ ಅಷ್ಟೇ ಬಿಸಿ ನೀರು. ತಣ್ಣಗೆ ಮಾಡಿಕೊಳ್ಳುವುದೇ ಕೆಲಸ! 250ಡಿಯನ್ನು ಸಿ-41ರಲ್ಲೂ ತೊಳೆದು ನೋಡಿದೆ. ಬಣ್ಣ ಬರುತ್ತದೆ, ಕಾಂಟ್ರಾಸ್ಟ್ ಏರುತ್ತದೆ, ನೆರಳಿಗೊಂದು ಬಣ್ಣ ಬೆಳಕಿಗೊಂದು ಬಣ್ಣ ಆಗುತ್ತದೆ. ಶ್ರಮ ಪಡುವುದಾದರೆ ಇಸಿಎನ್-2 ಪುಡಿಯನ್ನೇ ತರಿಸಿ.

ಸರಿಯಾಗಿ ತೊಳೆದ 250ಡಿ ಮೊದಲ ನೋಟಕ್ಕೆ ಉಪ್ಪು ಹಾಕದ ಸಾರಿನ ಹಾಗಿರುತ್ತದೆ. ಸಿನಿಮಾದವರು ಬಣ್ಣವನ್ನು ಆಮೇಲೆ ತಾವೇ ತಿದ್ದಿಕೊಳ್ಳುತ್ತಾರೆ, ಅದಕ್ಕೆ ಬೇಕಾದ ಜಾಗ ಬಿಟ್ಟು ಮಾಡಿದ ಫಿಲ್ಮ್. ಕಾಂಟ್ರಾಸ್ಟ್ ಸ್ವಲ್ಪ ಏರಿಸಿ, ಆಮೇಲೆ ನೋಡಿ. ನವೆಂಬರ್‌ನಲ್ಲಿ ಹುಮನಾಬಾದ್ ದಾಟಿ ಕಲಬುರಗಿ ಕಡೆ ಹೋಗುವಾಗ ಎರಡೂ ಬದಿ ತೊಗರಿ ಹೂ ಬಿಟ್ಟಿರುತ್ತದೆ. ಎಲೆಯ ಹಸಿರಿನಲ್ಲಿ ಒಂದು ಬೂದಿ ಇದೆ, ಹೂವಿನ ಹಳದಿಯಲ್ಲಿ ಕೆಂಪು ಗೆರೆ ಇದೆ, ಹಿಂದೆ ಕರಿ ಭೂಮಿ. ಪೋರ್ಟ್ರಾದಲ್ಲಿ ಎಲೆ ಒಣಗಿದ ಹಾಗೆ ಕಾಣುತ್ತದೆ. ಎಕ್ಟಾರ್‌ನಲ್ಲಿ ಹೂ ಮುಂದೆ ನುಗ್ಗುತ್ತದೆ, ಎಲೆ ಹಿಂದೆ ಬೀಳುತ್ತದೆ. 400ಎಚ್‌ನಲ್ಲಿ ಎಲೆ ಇನ್ನಷ್ಟು ತಂಪಾಗಿ ಕಾಣುತ್ತದೆ, ಮಳೆ ಬಂದು ಹೋದ ಮರುದಿನದ ಹೊಲ ಅನ್ನಬಹುದು. ಚೆಂದವೇ, ಆದರೆ ಸ್ವಲ್ಪ ಸುಳ್ಳು. 250ಡಿ ಹೊಲವನ್ನು ಹೊಲದ ಹಾಗೆಯೇ ಕೊಟ್ಟಿತು. ಈ ಒಂದು ಜಾಗದಲ್ಲಿ ನಾನು 400ಎಚ್ ಬಿಟ್ಟು ಇದನ್ನೇ ಆರಿಸುತ್ತೇನೆ.

ಡಿಜಿಟಲ್‌ನಲ್ಲಿ 400ಎಚ್ ಬಣ್ಣ ಬರಿಸುವ ಪ್ರೀಸೆಟ್‌ಗಳು, ಅಂದರೆ ಸಿದ್ಧ ಸೆಟ್ಟಿಂಗ್‌ಗಳು, ಸಿಗುತ್ತವೆ. ಫ್ಯೂಜಿ ಕ್ಯಾಮೆರಾಗಳಲ್ಲೇ ಹಳೇ ರೋಲ್‌ಗಳ ಹೆಸರಿನ ಬಣ್ಣಗಳಿವೆ, 2023ರಲ್ಲಿ ರಿಯಾಲಾ ಏಸ್ ಅಂತ ಒಂದು ಸೇರಿತು. 400ಎಚ್ ಹೆಸರಿನದ್ದು ಅದರಲ್ಲಿಲ್ಲ. ನೆರಳಲ್ಲಿ ತೆಗೆದ ಫೋಟೊಗೆ ಪ್ರೀಸೆಟ್ ಮೋಸ ಮಾಡಬಲ್ಲದು. ಮಧ್ಯಾಹ್ನದ ಬಿಸಿಲಲ್ಲಿ ಮಾಡಲಾರದು. ಡಿಜಿಟಲ್‌ನಲ್ಲಿ ಬಿಳಿ ರುಮಾಲು ಒಮ್ಮೆ ಸುಟ್ಟರೆ ಅಲ್ಲಿ ಏನೂ ಇರುವುದಿಲ್ಲ, ನೆಗೆಟಿವ್‌ನಲ್ಲಿ ಮಡಿಕೆ ಇನ್ನೂ ಇರುತ್ತದೆ. ನಮ್ಮ ಊರಿನ ಬಿಸಿಲಿಗೆ ಕಲರ್ ನೆಗೆಟಿವ್ ಇಷ್ಟು ಹೊಂದುವುದೇ ಅದಕ್ಕೆ.

ಕೊನೆಗೆ, ಎಕ್ಸ್‌ಪೈರಿ ಆದ 400ಎಚ್ ಕೊಳ್ಳಬಹುದಾ ಅನ್ನುವ ಪ್ರಶ್ನೆ. ಕಲಬುರಗಿ, ಯಾದಗಿರಿ ಕಡೆಯ ಹುಡುಗರು ಈಚೆಗೆ ಇದನ್ನೇ ಜಾಸ್ತಿ ಕೇಳುತ್ತಾರೆ. ಆನ್‌ಲೈನ್‌ನಲ್ಲಿ ಮಾರುವವರು ಫ್ರಿಜ್‌ನಲ್ಲಿಟ್ಟದ್ದು ಅಂತಲೇ ಹೇಳುತ್ತಾರೆ. ಯಾವ ಫ್ರಿಜ್, ಎಷ್ಟು ಹೊತ್ತು ಕರೆಂಟ್ ಇತ್ತು, ಯಾರಿಗೆ ಗೊತ್ತು? ಬೇಸಿಗೆಯಲ್ಲಿ 42 ಡಿಗ್ರಿ ಮುಟ್ಟುವ ಊರಲ್ಲಿ ಒಂದು ಕಪಾಟಿನೊಳಗೆ ಎರಡು ವರ್ಷ ಕಳೆದ ರೋಲ್‌ನಲ್ಲಿ ಮೊದಲು ಕೆಡುವುದು ಬಣ್ಣಗಳ ಹೊಂದಾಣಿಕೆಯೇ. ಯಾವ ಹಸಿರಿಗೆ ಅಂತ ದುಡ್ಡು ಕೊಟ್ಟಿರೋ ಅದೇ ಇರುವುದಿಲ್ಲ, ಗ್ರೇನ್ ಮಾತ್ರ ಎದ್ದು ಕೂತಿರುತ್ತದೆ. ಹೊಸ ಪೋರ್ಟ್ರಾವೇ ರೋಲ್‌ಗೆ ಸಾವಿರ ದಾಟಿ ಬಹಳ ದಿನವಾಯಿತು, ಇವರು ಅದರ ಮೇಲೆ ಕೇಳುತ್ತಾರೆ. ಆ ದುಡ್ಡಿಗೆ ಒಂದು ಪೋರ್ಟ್ರಾ ತಗೊಳ್ಳಿ. ಉಳಿದದ್ದರಲ್ಲಿ ಒಂದು 250ಡಿ ಬರಬಹುದು. ಪೋರ್ಟ್ರಾವನ್ನು 200ಕ್ಕೆ ಇಟ್ಟು ಮನೆಯವರ ಮುಖ ತೆಗೆಯಿರಿ, 250ಡಿಯನ್ನು 160ಕ್ಕೆ ಇಟ್ಟು ಹೊಲಕ್ಕೆ ಹೋಗಿ. ಮಸಿ ಇರುವ ರೋಲ್ ಆದರೆ ತೊಳೆಯುವ ದಿನ ಅಡುಗೆ ಸೋಡಾ ಮರೆಯಬೇಡಿ, ಬಚ್ಚಲಿಗೆ ಹಳೇ ಚಾಪೆ ಹಾಸಿಕೊಳ್ಳಿ.